ಹನ್ನೆರಡೂ ಹತ್ತಕ್ಕೆ ದಾಟಿದ ಹೊಸ್ತಿಲು

ಮಧ್ಯಾಹ್ನ ಹನ್ನೆರಡೂ ಹತ್ತು. ಗಡಿಯಾರ ನೋಡಿಯೇ ನಾನು ಚಿಲಕ ತೆಗೆದೆ. ಮನೆ ಓನರ್ ಸೆಲ್ವಿಯಮ್ಮ ಹನ್ನೆರಡಕ್ಕೆ ಹಲಸೂರು ಮಾರ್ಕೆಟ್ಟಿಗೆ ಹೊರಟರೆ ಒಂದು ಗಂಟೆಗೆ ಮೊದಲು ತಿರುಗಿ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ನನ್ನ ಕೈಯಲ್ಲಿ ಒಂದು ತಟ್ಟೆ. ಅದರಲ್ಲಿ ಎರಡು ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಜಜ್ಜಿದ ಉಳ್ಳಾಗಡ್ಡಿ. ಏಳು ದಿನ ಹೊಸ್ತಿಲು ದಾಟಬಾರದು ಎಂದು ಆರೋಗ್ಯ ಇಲಾಖೆಯವರು ನನಗೆ ಹೇಳಿ ಹೋಗಿದ್ದರು. ಅದು ಐದನೆಯ ದಿನ.

ಊರಿನಲ್ಲಿರುವ ನಿಮಗೆ ಇದು ಎಂಥ ಅಪರಾಧ ಎನ್ನಿಸಬಹುದು. ನಮ್ಮ ಸುರಪುರದ ಕಡೆ ಹಗಲು ಹೊತ್ತಿನಲ್ಲಿ ಕದ ಮುಚ್ಚಿದ್ದರೆ ಒಳಗೆ ಸಾವಾಗಿರಬೇಕು, ಇಲ್ಲವೇ ಜಗಳವಾಗಿರಬೇಕು. ಜಡ್ಡು ಬಿದ್ದವರ ಮನೆಯ ಕದವಂತೂ ಮುಚ್ಚುವುದೇ ಇಲ್ಲ. ಓಣಿಯ ಮಂದಿಯೆಲ್ಲ ಸರದಿಯಂತೆ ಬಂದು ಮಾತಾಡಿಸಿ ಹೋಗಬೇಕು. ಬಾರದವರ ಹೆಸರು ವರ್ಷಗಟ್ಟಲೆ ನೆನಪಿರುತ್ತದೆ. ಈ ಬೆಂಗಳೂರಿನಲ್ಲಿ ಮೊದಲ ಬಾರಿಗೆ, ಕದ ಮುಚ್ಚಿಕೊಂಡು ಕುಳಿತವಳೇ ಒಳ್ಳೆಯವಳು ಎನ್ನಿಸಿಕೊಂಡೆ. ಆ ಒಳ್ಳೆಯತನವನ್ನು ನಾನು ಐದು ದಿನವೂ ಉಳಿಸಿಕೊಳ್ಳಲಿಲ್ಲ.

ನಾನು ಬೆಂಗಳೂರಿಗೆ ಬಂದದ್ದು ಅದಕ್ಕೆ ಎರಡು ವರ್ಷ ಮೊದಲು, ಹಲಸೂರಿನ ಒಂದು ಇಂಗ್ಲಿಷ್ ಶಾಲೆಯಲ್ಲಿ ಕನ್ನಡ ಕಲಿಸಲು. ಮರ್ಫಿ ಟೌನಿನಲ್ಲಿ ಒಂದು ಕೋಣೆ ಸಿಕ್ಕಿತು. ಒಂದೇ ಅಂಗಳ, ಐದು ಮನೆ, ಒಂದು ನಲ್ಲಿ. ಮೊದಲ ತಿಂಗಳು ಕನ್ನಡದ ಟೀಚರಾದ ನನಗೆ ಕನ್ನಡ ಆಡಲು ಜನವೇ ಸಿಗಲಿಲ್ಲ. ನಲ್ಲಿಯ ಹತ್ತಿರ ತಮಿಳು, ಟೈಲರ್ ಬಾಷಾ ಭಾಯ್ ಮಿಷನ್ನಿನ ಹತ್ತಿರ ಉರ್ದು. ನಾನು ಬಾಯಿ ತೆರೆದರೆ ಶಾಲೆಯ ಸಹೋದ್ಯೋಗಿಗಳು, 'ನಿಮ್ದು ಯಾವ ಕನ್ನಡ ರೀ?' ಎಂದು ನಗುತ್ತಿದ್ದರು. ಪುಂಡಿಪಲ್ಯ ಹುಡುಕಿಕೊಂಡು ಮಾರ್ಕೆಟ್ಟಿನಲ್ಲಿ ಮೂರು ಭಾನುವಾರ ಸುತ್ತಿದೆ. ಹೆಸರು ಹೇಳಿದರೆ ಯಾರಿಗೂ ತಿಳಿಯಲಿಲ್ಲ. ಕೊನೆಗೆ ಹುಳಿ ಸೊಪ್ಪು, ಕೆಂಪು ದಂಟು ಎಂದೆಲ್ಲ ಸೆಲ್ವಿಯಮ್ಮನಿಗೆ ವರ್ಣಿಸಿದಾಗ ಆಕೆ ಹಣೆ ಚಚ್ಚಿಕೊಂಡು, "ಅಯ್ಯೋ ಟೀಚರ್, ಪುಳಿಚ್ಚ ಕೀರೆ! ಮೊದ್ಲೇ ಹೇಳ್ಬಾರ್ದಾ ಮಾ?" ಎಂದು ಮರುದಿನವೇ ಎರಡು ಕಟ್ಟು ತಂದುಕೊಟ್ಟಳು. ಅಂದು ಸಂಜೆ ರೊಟ್ಟಿಯ ಜೊತೆ ಅದನ್ನು ತಿಂದು ಒಬ್ಬಳೇ ಅತ್ತೆ. ಈ ಊರಿನಲ್ಲಿ ಬದುಕಬಹುದು ಎನ್ನಿಸಿದ್ದು ಅಂದೇ.

ಮರುವರ್ಷ ಪಕ್ಕದ ಕೋಣೆಗೆ ನೀಲಮ್ಮ ಬಂದಳು. ನಮ್ಮ ತಾಲೂಕಿನ ಹುಡುಗಿ. ಗಂಡ ಶಿವರಾಯ ಇಂದಿರಾನಗರದ ಬಟ್ಟೆ ಅಂಗಡಿಯೊಂದರಲ್ಲಿ ಸೆಕ್ಯುರಿಟಿ ಕೆಲಸಕ್ಕಿದ್ದ. ಇಬ್ಬರೂ ನನ್ನನ್ನು ಅಕ್ಕ ಎಂದರು. ನೀಲಮ್ಮನಿಗೆ ತಾಯಿ ಇರಲಿಲ್ಲ. ಬಸುರಿಯಾದಾಗ ಮೊದಲು ಹೇಳಿದ್ದು ನನಗೆ. "ನಿನ್ನ ಬಯಕಿ ಊಟ ನಂದು" ಎಂದು ಆಗಲೇ ಮಾತು ಕೊಟ್ಟಿದ್ದೆ.

ಅದು ಹಂದಿಜ್ವರದ ವರ್ಷ, 2009ರ ಶ್ರಾವಣ. ಅವಳಿಗೆ ಏಳು ತಿಂಗಳು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಮಾಸ್ಕ್ ಮುಗಿದು ಜನ ಕರ್ಚೀಪು ಕಟ್ಟಿಕೊಂಡು ಓಡಾಡುತ್ತಿದ್ದರು. ಹಂಚಿದ ಕರಪತ್ರವನ್ನು ಅಂಗಳದಲ್ಲಿ ನಿಂತು ಗಟ್ಟಿಯಾಗಿ ಓದಿದವಳು ನಾನೇ. ಜ್ವರ ಇದ್ದವರು ಏಳು ದಿನ ಹೊರಗೆ ಬರಬಾರದು. ಬಸುರಿಯರಿಂದ, ಸಣ್ಣ ಮಕ್ಕಳಿಂದ ದೂರ ಇರಬೇಕು. ಆ ಸಾಲನ್ನು ಎರಡು ಸಲ ಓದಿದ್ದು ನನಗೆ ನೆನಪಿದೆ. ಕೆಮ್ಮಿದ ಬಾಷಾ ಭಾಯ್‌ಗೆ ಬೈದು ಒಳಗೆ ಕಳಿಸಿದ್ದೂ ನೆನಪಿದೆ.

ನಾಲ್ಕು ದಿನ ಕಳೆಯುವುದರೊಳಗೆ ನನ್ನ ತರಗತಿಯ ಹುಡುಗಿಯೊಬ್ಬಳಿಗೆ ಆ ಜ್ವರವೆಂದು ಗೊತ್ತಾಗಿ ಶಾಲೆ ಮುಚ್ಚಿತು. ಮರುದಿನ ನನ್ನ ಮೈ ಬಿಸಿಯಾಯಿತು. ಆರೋಗ್ಯ ಇಲಾಖೆಯ ನರ್ಸಮ್ಮ ಬಂದು ಮಾತ್ರೆ ಕೊಟ್ಟು, ಏಳು ದಿನ ಒಳಗೇ ಇರಬೇಕೆಂದಳು.

"ಅರೆರೆ, ಬಚ್ಚೋಂಕು ಪನಿಶ್ಮೆಂಟ್ ಕೊಡೋ ಟೀಚರ್‌ಗೇ ಪನಿಶ್ಮೆಂಟಾ!" ಎಂದು ಬಾಷಾ ಭಾಯ್ ಅಂಗಳದಿಂದಲೇ ಕೂಗಿದ. ಎಲ್ಲರೂ ನಕ್ಕರು. ನಕ್ಕರೂ, ಯಾರೊಬ್ಬರೂ ನಿಯಮ ತಪ್ಪಲಿಲ್ಲ. ನನ್ನ ಕದದ ಮುಂದೆ ಮಕ್ಕಳು ಆಡಲಿಲ್ಲ. ಸೆಲ್ವಿಯಮ್ಮ ದಿನಾ ನೀರಿನ ಕೊಡ, ಇಡ್ಲಿ, ಹಾಲಿನ ಪಾಕೀಟು ಹೊಸ್ತಿಲ ಹೊರಗಿಟ್ಟು, "ತಣ್ಣಿ ಇಟ್ಟಿದೀನಿ ಟೀಚರ್. ನಾನ್ ಆ ಕಡೆ ಹೋದ್ಮೇಲೆ ಕದ ತೆಗಿ" ಎಂದು ಹೇಳಿ ಸರಿಯುತ್ತಿದ್ದಳು. ತಣ್ಣಿ ಎಂದರೆ ನೀರು. ಅವಳು ಸರಿದು ಹೋಗುವ ಚಪ್ಪಲಿಯ ಸದ್ದು ಕೇಳಿದಾಗಲೆಲ್ಲ ನನಗೆ ಒಳಗೊಳಗೇ ಕುದಿಯುತ್ತಿತ್ತು. ನಮ್ಮ ಕಡೆ ಹೊಸ್ತಿಲ ಹೊರಗೆ ಅನ್ನ ಇಡುವುದು ನಾಯಿಗೆ. ಇದೆಂಥ ಊರು, ಇದೆಂಥ ಜನ ಎಂದುಕೊಳ್ಳುತ್ತಿದ್ದೆ. ಅವಳು ಇಟ್ಟ ಇಡ್ಲಿಯನ್ನೇ ತಿನ್ನುತ್ತ ಹಾಗೆಂದುಕೊಳ್ಳುತ್ತಿದ್ದೆ.

ಮೂರನೆಯ ದಿನ ಜ್ವರ ಬಿಟ್ಟಿತು. ಬಾಯಿ ಸಪ್ಪೆ ಎಂದು ಹೇಳಿದ್ದಕ್ಕೆ ಸೆಲ್ವಿಯಮ್ಮ ಐದನೆಯ ದಿನ ಬೆಳಿಗ್ಗೆ ಪುಳಿಚ್ಚ ಕೀರೆ ತಂದಿಟ್ಟಳು. ನಾನು ಪಲ್ಯ ಬೇಯಿಸಿ ರೊಟ್ಟಿ ಬಡಿಯಲು ಕುಳಿತೆ. ನನ್ನ ಮತ್ತು ನೀಲಮ್ಮನ ಕೋಣೆಗಳ ನಡುವೆ ಇದ್ದದ್ದು ಒಂದೇ ಇಟ್ಟಿಗೆಯ ಗೋಡೆ. ಎರಡನೆಯ ರೊಟ್ಟಿಗೆ ಗೋಡೆಯ ಆಚೆಯಿಂದ ದನಿ ಬಂತು.

"ಯಕ್ಕಾ, ರೊಟ್ಟಿ ಬಡಿಯಾಕತ್ತಿಯೇನು?"

"ಹೂಂ. ನೀ ಉಂಡಿಯೇನು?"

"ಏನುಣ್ಣದು ಬಿಡು. ಅನ್ನ ಕಂಡ್ರ ಹೊಟ್ಟಿ ತೊಳಸ್ತದ." ಮೂಗೆಳೆಯುವ ಸದ್ದು ಕೇಳಿಸಿತು. "ಅದೇನು ವಾಸನಿ? ಪುಂಡಿಪಲ್ಯ ಮಾಡಿಯೇನು? ಖರೇ ಹೇಳು."

ನಾನು ರೊಟ್ಟಿ ಬಡಿಯುತ್ತಲೇ ಇದ್ದೆ.

"ಸಪ್ಪಳ ಕೇಳಿದ್ರ ನಮ್ಮವ್ವನ ನೆಪ್ಪಾತು ನೋಡು" ಎಂದಳು, ನಗುವ ದನಿಯಲ್ಲಿಯೇ.

ಬಯಕೆ ತೀರದಿದ್ದರೆ ಕೂಸಿನ ಕಿವಿ ಸೋರುತ್ತದೆ ಎನ್ನುತ್ತಾರೆ. ಬಿ.ಎಡ್. ಓದಿದ ನಾನು ಅದನ್ನು ನಂಬುವವಳಲ್ಲ. ಆದರೆ ಕೇಳಿಸಿಕೊಂಡೂ ಸುಮ್ಮನೆ ಕೂರುವುದು ನನ್ನಿಂದಾಗಲಿಲ್ಲ. ತಟ್ಟೆಯನ್ನು ಅವಳ ಬಾಗಿಲ ಹೊರಗಿಟ್ಟು ಬರಬಹುದಿತ್ತು. ಸೆಲ್ವಿಯಮ್ಮ ನನಗೆ ಇಡುತ್ತಿದ್ದಂತೆ. ಆ ಯೋಚನೆ ಬಂದಿತ್ತು ಕೂಡ. ಬಯಕೆಯ ಊಟವನ್ನು ಹಾಗೆ ಇಡುತ್ತಾರೆಯೇ? ತಾಯಿ ಇಲ್ಲದ ಹುಡುಗಿ. ಮೊದಲ ಮೂರು ತುತ್ತು ಎದುರು ಕೂತು ಕೈಯಾರೆ ಉಣಿಸಬೇಕು. ಗಡಿಯಾರ ನೋಡಿದೆ. ಚಿಲಕ ತೆಗೆದೆ.

ನನ್ನನ್ನು ಕಂಡು ಅವಳು ಹಿಂದೆ ಸರಿದಳು. "ನೀ ಹೊರಗ ಬರಬಾರದಲ್ಲ ಯಕ್ಕಾ? ನೀನೇ ಓದಿ ಹೇಳಿದ್ದಿಯಲ್ಲ."

"ಜ್ವರ ಬಿಟ್ಟು ಎರಡು ದಿನಾತು. ಸುಮ್ನ ಬಾಯಿ ತೆಗಿ."

ಅವಳು ಬಾಯಿ ತೆರೆದಳು. ನನ್ನ ಮುಖಕ್ಕೆ ಕಟ್ಟಿದ್ದ ಕರ್ಚೀಪನ್ನು ಕತ್ತಿಗಿಳಿಸಿದೆ. ಬಸುರಿಯ ಎದುರು ಮುಖ ಮುಚ್ಚಿ ಕೂರುವುದು ಅಪಶಕುನದಂತೆ ಕಂಡಿತು. ಅರ್ಧ ಗಂಟೆ ಕುಳಿತೆವು. ನಕ್ಕೆವು. ಸೆಲ್ವಿಯಮ್ಮ ಬರುವುದರೊಳಗೆ ನಾನು ನನ್ನ ಕದದೊಳಗಿದ್ದೆ.

ಏಳನೆಯ ದಿನ ಸಂಜೆ ನರ್ಸಮ್ಮ ರಿಜಿಸ್ಟರ್ ಹಿಡಿದು ಬಂದಾಗ ಅಂಗಳದ ಜನರೆಲ್ಲ ನಲ್ಲಿಯ ಹತ್ತಿರವೇ ಇದ್ದರು.

"ಹೊರಗಡೆ ಬಂದಿದ್ರಾ? ಯಾರ ಹತ್ರ ಆದ್ರೂ ಕೂತಿದ್ರಾ?"

ನಾನು ಬಾಯಿ ತೆರೆಯುವ ಮೊದಲೇ ಸೆಲ್ವಿಯಮ್ಮ ಎದೆಯುಬ್ಬಿಸಿ ಹೇಳಿದಳು: "ನಮ್ ಟೀಚರಾ? ಹೊಸ್ತಿಲು ದಾಟಿಲ್ಲಮ್ಮ. ನಾನ್ ಸಾಕ್ಷಿ."

ನರ್ಸಮ್ಮ ನನ್ನನ್ನೇ ನೋಡಿದಳು. "ಇಲ್ಲ" ಎಂದೆ. ನೀಲಮ್ಮ ತಲೆ ತಗ್ಗಿಸಿ ತುಂಬುತ್ತಿದ್ದ ಕೊಡವನ್ನು ನೋಡಿದಳು. ಒಂದು ಕೆಮ್ಮು ಬಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಮರುದಿನ ಅವಳಿಗೆ ಜ್ವರ. ಹತ್ತಿರದ ಕ್ಲಿನಿಕ್ಕಿನಲ್ಲಿ, ಜ್ವರದವರ ಜೊತೆ ಇದ್ದೆಯಾ ಎಂದು ಕೇಳಿದರಂತೆ. ಇಲ್ಲ ಎಂದಳಂತೆ. ಕೆಮ್ಮಿನ ಔಷಧಿ ಕೊಟ್ಟು ಕಳಿಸಿದರು. ಆಗ ನಾನು ಶಿವರಾಯನಿಗೆ ಹೇಳಬಹುದಿತ್ತು. ನಾಳೆ ಇಳಿಯುತ್ತದೆ ಎಂದುಕೊಂಡೆ. ಎರಡು ದಿನ ಹಾಗೆಯೇ ಅಂದುಕೊಂಡೆ. ಮೂರನೆಯ ಬೆಳಿಗ್ಗೆ ಅವಳಿಗೆ ಒಂದು ವಾಕ್ಯ ಮುಗಿಸುವಷ್ಟು ಉಸಿರಿರಲಿಲ್ಲ.

ಆಟೋದಲ್ಲಿ ದೊಡ್ಡಾಸ್ಪತ್ರೆಗೆ ಹೋದೆವು. ಡಾಕ್ಟರ್ ಅದೇ ಪ್ರಶ್ನೆ ಕೇಳಿದರು. ಶಿವರಾಯ ಹೇಳಿದ: "ಬಾಜೂ ಮನಿ ಅಕ್ಕಾರಿಗಿತ್ರೀ. ಆದ್ರ ಅವ್ರು ಕದಾನೇ ತೆಗಿಲಿಲ್ರಿ. ಭಾಳ ಶಿಸ್ತು ಅವ್ರದು." ಸ್ಟ್ರೆಚರಿನ ಮೇಲಿನ ನೀಲಮ್ಮ, ಉಸಿರಿಗೆ ಒದ್ದಾಡುತ್ತಲೇ, ಹೌದೆಂಬಂತೆ ತಲೆ ಆಡಿಸಿದಳು.

"ಇಲ್ಲ ಡಾಕ್ಟ್ರೇ" ಎಂದೆ. "ನಾನು ಹೋಗಿದ್ದೆ. ಕೈಯಾರೆ ಉಣಿಸಿದೀನಿ."

"ಯಾವತ್ತು?"

ಹೇಳಿದೆ.

"ಎಷ್ಟೊತ್ತಿಗೆ? ಎಷ್ಟು ಹೊತ್ತು?"

"ಹನ್ನೆರಡೂ ಹತ್ತಕ್ಕೆ. ಅರ್ಧ ಗಂಟೆ."

ಅವರು ತಲೆಯೆತ್ತದೆ ಬರೆದುಕೊಂಡರು. "ಮೊದ್ಲೇ ಹೇಳಿದ್ರೆ ಮಾತ್ರೆ ಆವತ್ತೇ ಶುರು ಮಾಡ್ತಿದ್ರು" ಎಂದಷ್ಟೇ ಅಂದು ಸ್ಟ್ರೆಚರಿನ ಜೊತೆ ಒಳಗೆ ಹೋದರು. ಶಿವರಾಯ ನನ್ನನ್ನು ನೋಡಿದ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅಂದೇ ಸಂಜೆ ನರ್ಸಮ್ಮ ಬಂದು ಐದೂ ಮನೆಯವರಿಗೆ ಏಳು ದಿನ ಒಳಗಿರಲು ಹೇಳಿದಳು. ಕಾರಣವನ್ನೂ ಹೇಳಿದಳು. ಬಾಷಾ ಭಾಯ್ ಮಿಷನ್ನಿಗೆ ಬಟ್ಟೆ ಹೊದಿಸಿದ. ಹಬ್ಬದ ಬಟ್ಟೆ ಹೊಲಿಯುವ ಕಾಲ ಅದು. ಅವನು ತಮಾಷೆ ಮಾಡಲಿಲ್ಲ. ಒಬ್ಬೊಬ್ಬರೇ ಕದ ಮುಚ್ಚಿಕೊಂಡರು. ಕೊನೆಯಲ್ಲಿ ಸೆಲ್ವಿಯಮ್ಮ ಉಳಿದಳು.

"ನಾನ್ ನಿಂಗೋಸ್ಕರ ಸಾಕ್ಷಿ ಹೇಳ್ದೆನಲ್ಲ ಟೀಚರ್" ಎಂದಳು. ಕಣ್ಣು ಒರೆಸಿಕೊಂಡು ಒಳಗೆ ಹೋದಳು.

ಈ ಸಲ ನಾನು ಹೊಸ್ತಿಲು ದಾಟಲಿಲ್ಲ. ಆಸ್ಪತ್ರೆಗೆ ಓಡಬೇಕೆನ್ನಿಸುತ್ತಿತ್ತು, ಅವಳ ಕಾಲು ಹಿಡಿಯಬೇಕೆನ್ನಿಸುತ್ತಿತ್ತು. ಗೋಡೆಯ ಆಚೆ ಸದ್ದಿರಲಿಲ್ಲ. ಶಿವರಾಯ ದಿನಕ್ಕೊಮ್ಮೆ ಸೆಲ್ವಿಯಮ್ಮನಿಗೆ ಫೋನ್ ಮಾಡುತ್ತಿದ್ದ. ಅವಳು ಅದನ್ನು ತನ್ನ ಕಿಟಕಿಯಿಂದ ಅಂಗಳಕ್ಕೆಲ್ಲ ಕೂಗಿ ಹೇಳುತ್ತಿದ್ದಳು, ನನ್ನ ಹೆಸರೆತ್ತದೆ. "ಮೂಗಿನ ಪೈಪು ಇನ್ನೂ ತೆಗ್ದಿಲ್ಲವಂತೆ." "ಪಾಪು ಹೊಟ್ಟೇಲಿ ಆಡ್ತಿದೆಯಂತೆ." ಆರನೆಯ ದಿನ: "ಕಂಜಿ ಕುಡಿದ್ಲಂತೆ!" ಗಂಜಿಗೆ ಅವರು ಹಾಗೆನ್ನುತ್ತಾರೆ. ಕಂಜಿ ಎಂಬ ಆ ಮಾತು ಕೇಳಿ ನಾನು ಚಿಲಕ ಹಿಡಿದು ನಿಂತೆ. ತೆಗೆಯಲಿಲ್ಲ.

ಹನ್ನೊಂದು ದಿನದ ಮೇಲೆ ನೀಲಮ್ಮ ಮನೆಗೆ ಬಂದಳು. ಕೈಬಳೆ ಮೊಣಕೈವರೆಗೆ ಜಾರುತ್ತಿದ್ದವು. ಜ್ವರ ಶಿವರಾಯನ ಅಂಗಡಿಯಿಂದಲೂ ಬಂದಿರಬಹುದು ಎಂದು ಶಾಲೆಯಲ್ಲಿ ಒಬ್ಬರು ಸಮಾಧಾನ ಹೇಳಿದರು. ಇರಬಹುದು. ಆದರೆ 'ಇಲ್ಲ' ಎಂಬ ಮಾತು ಅಂಗಡಿಯಿಂದ ಬಂದದ್ದಲ್ಲ.

ಒಂದು ದಿನ ಅವಳನ್ನೇ ಕೇಳಿದೆ: "ಡಾಕ್ಟರ್ ಮುಂದ ಯಾಕ ಮುಚ್ಚಿಟ್ಟಿ?"

"ನೀ ನರ್ಸಮ್ಮಗ ಇಲ್ಲಂದಿ. ಅದಕ್ಕ ನಾನೂ ಇಲ್ಲಂದೆ" ಎಂದಳು. "ಉಣಿಸಿದ ಕೈನ ತೋರಿಸಿ ಕೊಡಾಕ ಆಗ್ತದೇನ್ ಯಕ್ಕಾ?"

ಅಂದಿನಿಂದ ನನಗೆ ರಾತ್ರಿ ನಿದ್ದೆ ಬಾರದಾಯಿತು. ಗೋಡೆಗೆ ಕಿವಿಯಿಟ್ಟು ಅವಳ ಕೆಮ್ಮಿಗಾಗಿ ಕಾಯುತ್ತಿದ್ದೆ. ಕೆಮ್ಮದಿದ್ದರೆ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂಬ ಭಯ. ರೊಟ್ಟಿ ಬಡಿಯುವುದನ್ನು ಬಿಟ್ಟೆ. ಅನ್ನ ಸಾರು ಮಾಡಿಕೊಂಡು ತಿನ್ನುತ್ತಿದ್ದೆ.

ದೀಪಾವಳಿಗೆ ಊರಿಗೆ ಹೋದಾಗ ಚಿಕ್ಕವ್ವನ ಬಸುರಿ ಮಗಳ ಕುಬಸವಿತ್ತು. ಓಣಿಯ ಹೆಂಗಸರೆಲ್ಲ ಹಸಿರು ಬಳೆಯ ಹುಡುಗಿಗೆ ತುತ್ತಿಟ್ಟರು. ನನ್ನ ಸರದಿ ಬಂದಾಗ ಕೈ ಅವಳ ಬಾಯಿಯ ಹತ್ತಿರ ಹೋಗಿ ನಿಂತುಬಿಟ್ಟಿತು. ತಟ್ಟೆಯನ್ನು ಅವಳ ಮುಂದಿಟ್ಟು ಸರಿದು ಕುಳಿತೆ.

"ಬೆಂಗಳೂರಿಗೋಗಿ ಮಡಿ ಕಲ್ತ್ಯೇನು?" ಎಂದು ಚಿಕ್ಕವ್ವ ಎಲ್ಲರೆದುರು ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಹೇಳಲು ಹೋದರೆ ಎಲ್ಲಿಂದ ಹೇಳಲಿ? ಮೊದಲ ಸಲ ಆ ಮನೆಯಲ್ಲಿ, ಸರಿದು ಹೋಗುವ ಸೆಲ್ವಿಯಮ್ಮನ ಚಪ್ಪಲಿಯ ಸದ್ದು ನೆನಪಾಗಿ ಬೆಂಗಳೂರಿಗೆ ಹೋಗಬೇಕೆನ್ನಿಸಿತು. ಬೆಂಗಳೂರಿಗೆ ಬಂದು ಅಂಗಳಕ್ಕೆ ಕಾಲಿಟ್ಟೊಡನೆ, ಬಾಷಾ ಭಾಯ್ ತಲೆಯೆತ್ತದೆ ಹೊಲಿಯುತ್ತಿದ್ದುದನ್ನು ಕಂಡು ಊರೇ ವಾಸಿ ಎನ್ನಿಸಿತು.

ಕಾರ್ತಿಕ ಮುಗಿಯುವ ಮೊದಲು ನೀಲಮ್ಮನಿಗೆ ಹೆಣ್ಣು ಕೂಸಾಯಿತು. ಆಸ್ಪತ್ರೆಯಿಂದ ತಂದ ದಿನ ನಾನು ಬಾಗಿಲಲ್ಲೇ ನಿಂತು ನೋಡಿದೆ. ಶಿವರಾಯ ಕೂಸಿನ ಹೊದಿಕೆ ಸರಿಪಡಿಸಿದ. ಆಮೇಲೆ, "ಒಳಗ ಬರ್ರಿ ಅಕ್ಕಾರೆ, ನೆಲಾ ತಣ್ಣಗದ" ಎಂದ. ನಾನು ಹೋಗಲಿಲ್ಲ. ಕೈ ತೊಳೆದಿಲ್ಲ ಎಂದೆ.

ಮರುದಿನ ಬೆಳಿಗ್ಗೆ ಸೆಲ್ವಿಯಮ್ಮ ನನ್ನ ಕದ ಬಡಿದಾಗ ಬಿಸಿಲು ಕಿಟಕಿಯೊಳಗೆ ಬಂದಿತ್ತು. "ಎಂಟು ಗಂಟೆ ಆಯ್ತು ಟೀಚರ್! ರಾತ್ರಿಯೆಲ್ಲ ಆ ಪಾಪು ಒಂದೇ ಸಮ ಅತ್ತು ಯಾರಿಗೂ ನಿದ್ದೆ ಇಲ್ಲ. ನೀ ಹೆಂಗ್ ಮಲಗಿದೆ ಮಾ?"

ನನಗೆ ಏನೂ ಕೇಳಿಸಿರಲಿಲ್ಲ. ಒಂದೇ ಇಟ್ಟಿಗೆಯ ಆಚೆ ಕೂಸು ಇಡೀ ರಾತ್ರಿ ಅತ್ತಿದೆ, ಎದೆ ತುಂಬ ಉಸಿರೆಳೆದು ಅತ್ತಿದೆ. ನಾನು ಮಲಗಿದ್ದೇನೆ.

ಕದ ತೆಗೆಯುವಷ್ಟರಲ್ಲಿ ಅವಳ ಚಪ್ಪಲಿಯ ಸದ್ದು ಸರಿದು ಹೋಗಿತ್ತು. ನಲ್ಲಿಯ ನೀರು ಆಗಲೇ ನಿಂತುಹೋಗಿತ್ತು. ಹೊಸ್ತಿಲ ಹೊರಗೆ ನನ್ನ ಕೊಡ, ಬಾಯಿಯವರೆಗೆ ತುಂಬಿ, ಮೇಲೊಂದು ತಟ್ಟೆ ಮುಚ್ಚಿಕೊಂಡು ನಿಂತಿತ್ತು.