ತಣ್ಣಗಿನ ಎಂಜಿನ್ ಕೇಳಿದ ಮಿಸ್ತ್ರಿ

ಮೊನ್ನೆ ಹರಿಹರದ ಬಸ್ ನಿಲ್ದಾಣದ ಬಳಿ ವ್ಯಾನೊಂದು ಬಾನೆಟ್ ತೆರೆದು ನಿಂತಿತ್ತು. ಕುದಿದ ಕೂಲೆಂಟ್‌ನ ಸಿಹಿ ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ಆ ಮಿಸ್ತ್ರಿಯ ಗಂಟುಮುಖ ಕಣ್ಣೆದುರು ಬಂತು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಆಗ ನಾನು ನಂದಿಗುಡಿ ಕಡೆಯ ಕೆಲಸಗಾರರನ್ನು ಗುತ್ತೂರಿನ ಕಾರ್ಖಾನೆಗೆ ಬಿಡುತ್ತಿದ್ದೆ. ಮನೆ ನಡೆಯುತ್ತಿದ್ದುದೇ ಆ ವ್ಯಾನಿನಿಂದ. ಅದೋ, ಬೆಳಗಾದರೆ ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು. ಇನ್ನೊಮ್ಮೆ ತಡವಾದರೆ ಬೇರೆ ಗಾಡಿ ನೋಡುತ್ತೇವೆಂದು ಕಾರ್ಖಾನೆಯವರು ಹೇಳಿಬಿಟ್ಟಿದ್ದರು.

ಹರಿಹರದಲ್ಲಿ ಗ್ಯಾರೇಜಿಟ್ಟಿದ್ದ ಆ ಮಿಸ್ತ್ರಿಗೆ ತೋರಿಸಿದೆ. ಅವನಿಗೆ ಎಂಜಿನ್ನಿನ ಶಾಖ ಅಳೆಯುವ ಸೆನ್ಸರ್ ಮೇಲೆ ಅನುಮಾನ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಅದೂ ಎಂಜಿನ್ನಿಗೆ ಹೋಗುವ ಗಾಳಿಯ ಸೆನ್ಸರೂ ಹೆಚ್ಚುಕಡಿಮೆ ಒಂದೇ ಶಾಖ ತೋರಿಸಬೇಕಂತೆ. ಇಲ್ಲದಿದ್ದರೆ ಯಾವುದೋ ಒಂದು ಸುಳ್ಳು ಹೇಳುತ್ತಿದೆ ಎಂದರ್ಥ. ಭಾನುವಾರ ಮನೆಗೇ ಬರುತ್ತೇನೆ, ಅವತ್ತು ನಾನು ಬರುವವರೆಗೆ ಕೀಲಿ ಮುಟ್ಟಬೇಡಿ ಎಂದಿದ್ದ.

ಎದ್ದೊಡನೆ ಗಾಡಿಗೆ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ಎಂಜಿನ್ ಚಾಲೂ ಮಾಡಿ ಕೈಮುಗಿಯುವುದು ಅಪ್ಪನ ಕಾಲದ ರೂಢಿ. ಆ ಭಾನುವಾರವೂ ಕೈ ತಾನಾಗಿ ಮಾಡಿತು. ಅವನು ಬಂದವನೇ ರೇಡಿಯೇಟರ್ ಪೈಪು ಮುಟ್ಟಿ, ಬಿಸಿಯಾಗಿದೆ, ಮುಂದಿನ ಭಾನುವಾರ ಬರುತ್ತೇನೆ ಎಂದು ಹೊರಟುಹೋದ. ಮುಂದಿನ ಭಾನುವಾರವೂ ಚಾಲೂ ಮಾಡಿದೆ... ದೇವರ ಕೆಲಸ ಬಿಡುವುದು ಹೇಗೆ? ಅವನು ಕೇಳಿದರೆ ಕೀಲಿ ಮುಟ್ಟೇ ಇಲ್ಲ ಎಂದೆ.

ಅವನು ಮತ್ತೆ ಪೈಪು ಮುಟ್ಟಿದ. ಓಣಿಯವರೆಲ್ಲ ನೋಡುತ್ತಿದ್ದರು.

"ಸೆನ್ಸರ್ ಆಮ್ಯಾಲೆ ನೋಡಾಣ. ಮೊದಲು ಸುಳ್ಳು ಹೇಳ್ತಿರೋನು ನೀನು."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ! ಆ ಸಿಟ್ಟಿಗೆ ದಾವಣಗೆರೆಗೆ ಹೋಗಿ, ಮಂಡಿಪೇಟೆಯ ಹಿಂದಿನ ಗ್ಯಾರೇಜಿನಲ್ಲಿ ಬ್ಯಾಟರಿ, ಸ್ಟಾರ್ಟರ್ ಎಲ್ಲ ಬದಲಿಸಿದೆ. ವ್ಯಾನ್ ಸ್ಟ್ಯಾಂಡಿನಲ್ಲಿ ಸಿಕ್ಕಸಿಕ್ಕವರಿಗೆ, ಆ ಮಿಸ್ತ್ರಿ ಮುಟ್ಟಿಯೇ ನನ್ನ ಗಾಡಿ ಕೆಟ್ಟಿತು ಎಂದೆ. ಚಾಲಕರು ನಂಬಿದರು. ಅವನ ಗ್ಯಾರೇಜಿನ ಮುಂದೆ ಗಾಡಿಗಳು ಕಡಿಮೆಯಾದವು. ಅವನು ಒಮ್ಮೆಯೂ ಬಂದು ಕೇಳಲಿಲ್ಲ, ಅದಕ್ಕೂ ನನಗೆ ಸಿಟ್ಟೇ.

ವ್ಯಾನ್ ಮತ್ತೆ ಕೈಕೊಟ್ಟಿತು, ಕಾರ್ಖಾನೆಯ ಬಾಡಿಗೆಯೂ ಹೋಯಿತು. ಕೊನೆಗೆ ಇನ್ನೊಬ್ಬ ಮೆಕ್ಯಾನಿಕ್ ರಾತ್ರಿಯಿಡೀ ಗಾಡಿಯನ್ನು ತನ್ನಲ್ಲೇ ಇಟ್ಟುಕೊಂಡು, ಬೆಳಗ್ಗೆ ತಣ್ಣಗಿದ್ದಾಗಲೇ ಪರೀಕ್ಷಿಸಿದ. ತಣ್ಣಗಿನ ಎಂಜಿನ್ನನ್ನು ಆ ಸೆನ್ಸರ್ ಕುದಿಯುತ್ತಿದೆ ಎಂದು ತೋರಿಸುತ್ತಿತ್ತು, ಹಾಗಾಗಿ ಸ್ಟಾರ್ಟ್ ಆಗಲು ಬೇಕಾದಷ್ಟು ಇಂಧನ ಹೋಗುತ್ತಿರಲಿಲ್ಲ. ಹೆಬ್ಬೆರಳಿನಷ್ಟಿದ್ದ ಅದನ್ನು ಬದಲಿಸಿದ ಮೇಲೆ ಗಾಡಿ ಸರಿಹೋಯಿತು.

ಆ ಮಿಸ್ತ್ರಿಗೆ ಹೋಗಿ ಹೇಳಬೇಕಿತ್ತು. ಇವತ್ತು, ನಾಳೆ... ಎನ್ನುತ್ತ ಹೋದಾಗ ಬಾಗಿಲು ಹಾಕಿತ್ತು. ಗ್ಯಾರೇಜು ಮುಚ್ಚಿದ ಕೆಲವೇ ತಿಂಗಳಿಗೆ ತೀರಿಕೊಂಡನಂತೆ. ಅವನ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ. ಅವನು ಹೇಳಿದ್ದು ಎರಡೂ ನಿಜವಾಗಿತ್ತು, ಅದಕ್ಕೇ.

ಬಸ್ ನಿಲ್ದಾಣದ ಆ ವ್ಯಾನಿನವನು ನನ್ನನ್ನೇ ಕೇಳಿದ, "ಇಲ್ಲಿ ಯಾರಾದ್ರೂ ನಂಬಿಕಸ್ಥ ಮಿಸ್ತ್ರಿ ಅದಾರೇನ್ರಿ?"

"ಒಬ್ಬಾತ ಇದ್ದ," ಎಂದೆ. "ಆತನ ಗ್ಯಾರೇಜ್ ಮುಚ್ಚಿಸಿದ್ದು ನಾನೇ."