ಕೋಡಿಗೆ ಡಬ್ಬಿ ಇಲ್ಲೆ ಮಾರ್ರೆ!

ಮಂಡಿ ಆಪರೇಷನ್ ಆದ್ ಮೇಲೆ ನಾನ್ ಕುಂಬಳಕಾಯಿ ಬೆಳ್ಸುಕೆ ಶುರು ಮಾಡಿದೆ. ಮಂಚದ ಮೇಲೆ ಕೂಕಂಡ್, ಕಾಲಡಿಗೆ ಎರಡ್ ದಿಂಬ್ ಇಟ್ಕಂಡ್.

ನಂಬುದಿಲ್ಲ ಅಲ್ದಾ? ಕಂಪ್ಯೂಟರ್ ಗೇಮ್ ಮಾರ್ರೆ! ಗದ್ದೆ ಹೂಡುದ್, ಬೀಜ ಹಾಕುದ್, ನೀರ್ ಬಿಡುದ್, ಎಲ್ಲ ಒಂದೇ ಬೆರಳಂಗೆ. ಹಂದಿ ಕಾಟ ಇಲ್ಲೆ, ಮಂಗನ ಕಾಟ ಇಲ್ಲೆ. (ಕೆಲ್ಸದವ್ರ್ ಇವತ್ತ್ ಬತ್ರಾ ಇಲ್ಯಾ ಅಂದೇಳಿ ದಾರಿ ಕಾಂಬ ಕೆಲ್ಸವೂ ಇಲ್ಲೆ.)

ಇನ್ನೊಂದ್ ಸುದ್ದಿ. ಇಷ್ಟ್ ದಿನ ನಾ ಕಾಗದದಂಗೆ ಬರ್ದದ್ದನ್ನ ಮೊಮ್ಮಗಳ್ ನಿಶ್ಮಿತಾ ಟೈಪ್ ಮಾಡಿ ಪತ್ರಿಕೆಗೆ ಕಳ್ಸ್ತಿದ್ಲ್. ಈ ವಾರದ್ದ್ ಮಾತ್ರ ನಾನೇ, ನನ್ನದೇ ಮೊಬೈಲಂಗೆ, ನನ್ನದೇ ಬೆರಳಂಗೆ. ಅವ್ಳ್ ಮೊದ್ಲೇ ಓದುಕಾಗ. ಎಂತಕೆ ಅಂದ್ರೆ, ಕಡೆಗೆ ಹೇಳ್ತೆ.

ಡಾಕ್ಟ್ರ್ "ಇನ್ ನೆಲಕ್ಕೆ ಕೂಕಂಬುಕಾಗ ಅಜ್ಜಿ" ಅಂದಿದ್ರ್. ಸಾಸ್ತಾನದ ನಮ್ಮನೆ ಹಿತ್ಲಂಗೆ ನಂದೊಂದ್ ಹರಿವೆ, ಬೆಂಡೆ, ಕುಂಬಳದ ಸಂಸಾರ ಇತ್. ಅದ್ರಂಗೆ ಕಳೆ ಬೆಳೂದನ್ನ ಕಿಟಕಿಯಿಂದ ಕಂಡ್ಕಂಡ್ ಕೂತ್ರೆ ಅಲ್ಲಿಂದಲೇ ಕಳೆಗೆ ಬೈತಿದ್ದೆ.

ಆಗ ಈ ಗೇಮ್ ಕೊಟ್ಟದ್ದ್ ಸಹನಾ. ನಿಶ್ಮಿತಾಳ ಕಾಲೇಜ್ ಫ್ರೆಂಡ್, ಬಾರ್ಕೂರಿನ ಹುಡ್ಗಿ. "ಅಜ್ಜಿ, ಸೇಲಂಗೆ ಕಡ್ಮಿಗೆ ಸಿಕ್ತ್. ಕಾಲ್ ಸರಿ ಆಪಲ್ಲಿವರೆಗೆ ಇಲ್ಲೇ ಗದ್ದೆ ಮಾಡಿ" ಅಂದೇಳಿ ವಾಟ್ಸಾಪಂಗೆ ಒಂದ್ ಕೋಡ್ ಕಳ್ಸಿದ್ಲ್. ಎಂತದೋ ಅಕ್ಷರ, ಅಂಕಿ, ಮಧ್ಯ ಮಧ್ಯ ಗೀಟ್. ನಿಶ್ಮಿತಾ ಅದನ್ನ ತನ್ನ ಹಳೇ ಲ್ಯಾಪ್‌ಟಾಪಿಗೆ ಹಾಕಿದ್ಲ್. ಗದ್ದೆ ಬಂತ್!

ಈ ಗೇಮ್ ಮಾರೂ ಆನ್‌ಲೈನ್ ಪೇಟೆ ನಮ್ಮ ಮೀನ್ ಮಾರ್ಕೆಟಿನಾಂಗೆ ಕಾಣಿ. ಬೆಳಿಗ್ಗೆ ಒಂದ್ ರೇಟ್, ಬಿಸ್ಲ್ ಏರಿದ್ ಮೇಲೆ ಇನ್ನೊಂದ್ ರೇಟ್. ಜಾಣೆ ಆದವ್ಳ್ ಕಾಯ್ತ್ಲ್. ಆದ್ರೆ ಬಂಗಡೆ ನಾರ್ತ್, ಗೇಮ್ ನಾರುದಿಲ್ಲ. ವರ್ಷ ಕಾದ್ರೂ ಫ್ರೆಶ್! ಒಂದೇ ಬೇಜಾರ್ ಅಂದ್ರೆ, "ಹ್ವಾಯ್, ಇನ್ ಒಂಚೂರ್ ಕಡ್ಮಿ ಮಾಡಿ" ಅಂಬುಕೆ ಅಲ್ಲಿ ಜನವೇ ಇಲ್ಲೆ.

ನಿಶ್ಮಿತಾ ಒಂದ್ ದೋಣಿ ಗೇಮಿಗೆ ಹಾಂಗೇ ಕಾಯ್ತಾ ಇದ್ದಿದ್ಲ್. ಕಡಲಂಗೆ ಒಬ್ಳೇ ದೋಣಿ ಬಿಟ್ಕಂಡ್ ಹೋಪುದಂಬ್ರ್. ಎಷ್ಟ್ ಸೇಲ್ ಬಂದ್ರೂ ಅದ್ರ ರೇಟ್ ಮಾತ್ರ ಇಳೂದಿಲ್ಲ. ಹಾಂಗಾರೆ ಎಂತ ಮಾಡ್ತ್ರ್? ಬದಲ್ ಮಾಡ್ಕಂತ್ರ್. ಸೇಲಂಗೆ ಹರಿವೆ ಸೊಪ್ಪಿನ ಕಟ್ಟಿನಾಂಗೆ ನಾಲ್ಕೈದ್ ಗೇಮ್ ಒಟ್ಟಿಗೆ ತಕಂಡಿದ್ಲ್. ಅದ್ರಂಗೆ ಒಂದ್ ಅವ್ಳ ಹತ್ರ ಮೊದ್ಲೇ ಇತ್ತಂಬ್ರ್. ಆ ಹೆಚ್ಚಿಗೆ ಕೋಡ್ ಕೊಟ್ಟ್ ದೋಣಿ ಗೇಮ್ ತಕಂಬ ಅಂದೇಳಿ ಆನ್‌ಲೈನ್ ಗುಂಪಂಗೆ ಯಾರ್ ಹತ್ರವೋ ಮಾತಾಡಿ ಇಟ್ಟಿದ್ಲ್. ಶನಿವಾರ ಬದಲ್.

ಅಷ್ಟೊತ್ತಿಗೆ ಅವ್ಳ ಮೊಬೈಲ್ ಕೆಡ್ಕಾ! ರಿಪೇರಿಗೆ ಕೊಡೂ ಮೊದ್ಲ್ ಆ ಕೋಡನ್ನ ನಂಗೆ ಕಳ್ಸಿ, "ಅಜ್ಜಿ, ಇದ್ ನಿನ್ ಮೊಬೈಲಂಗಿರ್ಲಿ. ಜಾಗ್ರತೆ" ಅಂದ್ಲ್. ಅಂದೇ ಅನ್ತ್ಲ್ ಬಿಡಿ. ಬೀರು ಕೀ, ಸೊಸೆಯ ಬೆಂಡೋಲೆ, ಎಂತದೇ ಆಗ್ಲಿ, ನಮ್ಮನೆಯಂಗೆ ಜಾಗ್ರತೆ ಅಂದ್ರೆ ನಾನೇ.

ಈಗ ನನ್ನ ಕಷ್ಟ ಕೇಣಿ. ನಮ್ಮ ಬದಿಯಂಗೆ ಒಂದ್ ಕ್ರಮ ಇತ್ತಲ್ಲ? ಆಚೆ ಮನೆಯಿಂದ ಡಬ್ಬಿಯಂಗೆ ಎಂತಾರೂ ಬಂದ್ರೆ, ಆ ಡಬ್ಬಿ ಖಾಲಿ ವಾಪಸ್ ಹೋಪುಕಾಗ. ಎಂತ ಇಲ್ದಿದ್ರೆ ನಾಲ್ಕ್ ಕಾಳ್ ಸಕ್ರೆ ಆದ್ರೂ ಹಾಕ್ಕ್. ಸಹನಾ ನಂಗೆ ಒಂದ್ ಇಡೀ ಗದ್ದೆ ಕೊಟ್ಟಿದ್ಲ್. ನಾ ದಿನಾ ಕುಂಬಳಕಾಯಿ ಕೊಯ್ಕಂಡ್ ಕೂತಿದ್ದೆ. ವಾಪಸ್ ಎಂತ ಕೊಟ್ಟೆ? ಡಬ್ಬಿಯೇ ಇಲ್ಲೆ! ತುಂಬ್ಸುದ್ ಯಾವ್ದಕ್ಕೆ?

ಕೋಡಿಗೆ ಕೋಡೇ ಸರಿ ಅಂದ್ಕಂಡೆ. ನನ್ ಹತ್ರ ಒಂದ್ ಇತ್ತಲ್ಲ! ಒತ್ತಿದೆ ಫಾರ್ವರ್ಡ್. (ಟೈಪ್ ಮಾಡುಕೆ ಕಲ್ತದ್ದ್ ಈಗ. ಫಾರ್ವರ್ಡ್ ಮಾಡುಕೆ ಮೊದ್ಲಿಂದ ಬತ್ತಿತ್ತ್.)

ಕಳ್ಳಿ ಅಂಬೂ ಮೊದ್ಲ್ ನನ್ನ ಲೆಕ್ಕವೂ ಕೇಣಿ. ಗುಡ್ ಮಾರ್ನಿಂಗ್ ಹೂಗನ್ನ ನಾ ದಿನಾ ಊರಿಗೆಲ್ಲ ಕಳ್ಸ್ತೆ. ಹೂಗ್ ಮುಗೀತಾ? ಅಕ್ಕಿ-ಬೆಲ್ಲದ ಹಾಲ್‌ಬಾಯಿ ಮಾಡೂ ಕ್ರಮ ಯಾರಿಗಾರೂ ಹೇಳಿ ಕೊಟ್ರೆ ನಮ್ಮನೆ ಹಾಲ್‌ಬಾಯಿ ಖಾಲಿ ಆತ್ತಾ? ಕಳ್ಸಿ ಆದ್ ಮೇಲೂ ಆ ಕೋಡ್ ನನ್ನ ಮೊಬೈಲಂಗೆ ಹಾಂಗೇ ಇತ್ತ್. ಒಂದ್ ಅಕ್ಷರ ಕಡ್ಮಿ ಆಯ್ಲಿಲ್ಲ!

ಶನಿವಾರ ನಿಶ್ಮಿತಾ ಕೋಡ್ ಕೇಂಡ್ಲ್. ಕೊಟ್ಟೆ. ನನ್ನ ಕುಂಬಳಕ್ಕೆ ನೀರ್ ಬಿಟ್ಟ್ ಆಯ್ಲಿಲ್ಲ, ಒಳಗಿಂದ ಕೂಗ್.

"ಅಜ್ಜೀ! ಇದನ್ನ ಯಾರೋ ಹಾಕಿ ಆಯ್ತಂಬ್ರ್! ಆ ಜನ ನನ್ನನ್ನ ಮೋಸಗಾರ್ತಿ ಅಂದ್ರ್! ಯಾರಿಗೆ ಕೊಟ್ಟೆ?"

"ಸಹನಾಳಿಗೆ. ಆದ್ರೆ ಇಲ್ಲೂ ಇತ್ತಲ್ದಾ ಮಗಾ?"

"ಒಬ್ರ್ ಹಾಕಿದ್ರೆ ಮುಗೀತ್ ಅಜ್ಜಿ! ಒಡ್ದ್ ತೆಂಗಿನ್‌ಕಾಯಿ ಇನ್ನೊಂದ್ ಸಲ ಒಡೀತಾ?"

ಅದೊಂದ್ ಮಾತಂಗೆ ನಂಗೆ ಕಂಪ್ಯೂಟರ್ ಪೂರ್ತಿ ಅರ್ಥ ಆಯ್ತ್. ಆ ಗುಂಪಂಗೆ ಮಾತ್ ಉಳ್ಸ್ಕಂಡವ್ರ ಹತ್ರ ಮಾತ್ರ ಬದಲ್ ಮಾಡ್ಕಂಬುದಂಬ್ರ್. ಅವ್ಳ್ ಎಷ್ಟ್ ಸಾರಿ ಕೇಂಡ್ರೂ ಆ ಜನ ತಿರ್ಗಿ ಮಾತಾಡ್ಲಿಲ್ಲ. ದೋಣಿ ಹೋಯ್ತ್. ಹೆಸ್ರೂ ಹಾಳಾಯ್ತ್. ಅವ್ಳ್ ಊಟಕ್ಕೂ ಬರ್ಲಿಲ್ಲ.

ಬಾಗ್ಲ ಹೊರಗೆ ನಿಂತ್ಕಂಡ್, "ಪೂರ್ತಿ ರೇಟಿಗೇ ತಕೋ, ನಾ ಕೊಡ್ತೆ" ಅಂದೆ.

"ಇಷ್ಟ್ ಕಾದ್ ಪೂರ್ತಿ ರೇಟಿಗೆ ತಕಂಬುದಾ? ಮರ್ಯಾದೆ ಬ್ಯಾಡ್ದಾ?" (ಮೀನ್ ತಕಂಬಗ ನಾನೂ ಹೀಂಗೇ. ರಕ್ತ ಎಲ್ಲಿಗೆ ಹೋತ್?)

"ಹಾಂಗಾರೆ ಸಹನಾಳ ಹತ್ರ..."

ಬಾಗ್ಲ್ ತೆಗ್ದೇ ಬಿಟ್ಲ್. "ಕೊಟ್ಟದ್ದನ್ನ ವಾಪಸ್ ಕೇಂಬುದಾ ಅಜ್ಜಿ? ಅವ್ಳ್ ನಿಂಗೆ ಗೇಮ್ ಕೊಟ್ಟದ್ದ್ ಬದಲ್ ಬತ್ತ್ ಅಂದೇಳಿ ಅಲ್ಲ. ನೀ ಕುಂಬಳ ಬೆಳ್ಸುದನ್ನ ಕಾಂಬುಕೆ. ಸುಮ್ನೆ ತಕಂಬುಕೆ ಬತ್ತಿಲ್ಯಾ ನಿಂಗೆ?"

ನಾ ಮಂಚಕ್ಕೆ ವಾಪಸ್ ಬಂದ್ ಕೂಕಂಡೆ. ನೀವೇ ಹೇಳಿ, ನಾವ್ ಡಬ್ಬಿ ತುಂಬ್ಸಿ ಕಳ್ಸುದ್ ಪ್ರೀತಿಗಾ? ಇಲ್ಲ, ಋಣ ಒಂದ್ ರಾತ್ರಿಯೂ ಮನೆಯಂಗೆ ಇಪ್ಪುಕಾಗ ಅಂಬೂ ಗಡಿಬಿಡಿಗಾ? ಎಷ್ಟೋ ಜನ ನಂಗೆ ಮಾಡಿದ್ ಉಪಕಾರವನ್ನ ನಾ ಮನಸಾರೆ ಅನುಭವಿಸ್ಲೇ ಇಲ್ಲ ಕಾಣಿ. ಆ ಕೈಯಂಗೆ ತಕಂಬುದ್, ಈ ಕೈಯಂಗೆ ತೀರ್ಸುದ್. ರುಚಿ ಕಂಡದ್ದ್ ಯಾವಾಗ?

ಆದಿತ್ಯವಾರ ಸಹನಾ ಬಂದ್ಲ್. ಬ್ರಹ್ಮಾವರದಂಗೆ ಬಸ್ ಬದಲ್ಸಿ, ಬಿಸ್ಲಂಗೆ. ಕೈಯಂಗೆ ಸ್ಟೀಲ್ ಡಬ್ಬಿ. "ಅಜ್ಜಿ, ನೀವ್ ಕೊಟ್ಟ ಗೇಮ್ ಸೂಪರ್! ಸುಮ್ನೆ ಹ್ಯಾಂಗೆ ತಕಂಬುದ್ ಅಂದೇಳಿ ಅಮ್ಮ ಪತ್ರೊಡೆ ಕಳ್ಸಿದ್ಲ್."

ನಿಶ್ಮಿತಾ ನನ್ನ ಮುಖ ಕಂಡ್ಲ್. ನಾ ಅವ್ಳ ಮುಖ ಕಂಡೆ. ಫಕ್ಕನೆ ನೆಗಾಡಿದ್ಲ್ ನನ್ನ ಬಂಗಾರಿ! ಶನಿವಾರದ ಸಿಟ್ಟೆಲ್ಲ ಆ ನೆಗೆಯಂಗೆ ಹೋಯ್ತ್.

ನೆಗಾಡುದ್ ಎಂತಕೆ ಅಂದೇಳಿ ಸಹನಾ ಕೇಂಡ್ಲ್. ನನ್ನ ಬಾಯಿ ಸುಮ್ನಿರ್ತಾ? ಎಲ್ಲ ಹೇಳಿದೆ. ಹುಡ್ಗಿ ಬೆಚ್ಚಿ ಬಿದ್ಲ್. "ಅಯ್ಯೋ, ಅದ್ ನಿಂದಾ? ನಾ ಅರ್ಧ ಆಡಿ ಆಯ್ತಲ್ಲೇ ಮಾರಾಯ್ತಿ!"

"ಇನ್ನರ್ಧವೂ ಆಡ್" ಅಂದ್ಲ್ ನಿಶ್ಮಿತಾ, ಬಾಯಿ ತುಂಬ ಪತ್ರೊಡೆ ಇಟ್ಕಂಡ್. "ದೋಣಿ ಎಲ್ಲಿಗ್ ಹೋತ್? ಮುಂದಿನ ಸೇಲಿಗೆ ಕಾಂಬ."

ಇಂಥ ಎರಡ್ ಹುಡ್ಗ್ಯರನ್ನ ಕೊಟ್ಟ ದೇವ್ರಿಗೆ ನಾ ಎಂತ ವಾಪಸ್ ಕೊಡ್ಲಿ? (ಕಾಣಿ, ಮತ್ತೆ ಅದೇ ಬುದ್ಧಿ!)

ಸಹನಾ ಹೊರಟ್ಲ್. ನಾ ಅಭ್ಯಾಸ ಬಲದಂಗೆ ಕೋಲ್ ಹಿಡ್ಕಂಡ್ ಅಡುಗೆ ಮನೆಗೆ ಹ್ವಾದೆ. ನಿಶ್ಮಿತಾ ಹಿಂದೇ ಬಂದ್ಲ್. "ಅಜ್ಜಿ, ಡಬ್ಬಿ ಖಾಲಿಯೇ ಹೋಪುದ್" ಅಂದೇಳಿ ತಾನೇ ತೊಳ್ದ್ ಇಟ್ಲ್.

ಆಯ್ತ್ ಅಂದೆ. ಸಹನಾಳ ಎರಡೂ ಕೈ ಹಿಡ್ಕಂಡೆ. "ನೀ ಕೊಟ್ಟ ಗದ್ದೆ ಲಾಯ್ಕಿತ್ ಮಗಾ. ಬೆಳಿಗ್ಗೆ ಏಳುಕೆ ನಂಗೊಂದ್ ನೆವ ಆಯ್ತ್" ಅಂದೆ. ಮತ್ತೆಂತದೂ ಕೊಡ್ಲಿಲ್ಲ. ಅವ್ಳ ಮುಖ ಅರಳಿದ್ದನ್ನ ನೀವ್ ಕಾಣ್ಕಿತ್ತ್! ಯಾವ ಹಾಲ್‌ಬಾಯಿಗೂ ಯಾರ ಮುಖವೂ ಅಷ್ಟ್ ಅರಳಿದ್ದಿಲ್ಲ.

ಸುಮ್ನೆ ತಕಂಬುದನ್ನ ಕಲ್ತೆ, ಹೌದ್. ಆದ್ರೆ ನಿಶ್ಮಿತಾ ಕೈ ಒರ್ಸ್ಕಂಬುಕೆ ಆಚೆ ತಿರ್ಗಿದ ಗಳಿಗೆಯಂಗೆ ಆ ಡಬ್ಬಿ ಮುಚ್ಚಳ ತೆಗ್ದ್ ನಾಲ್ಕ್ ಕಾಳ್ ಸಕ್ರೆ ಹಾಕ್ದೆ ಇಪ್ಪುಕೆ, ನಾ ಎಂತ ಕಂಪ್ಯೂಟರಾ?