ಬಿಲಾಲನ ಹವಳಕ್ಕೆ ಥಂಡಿ ತಗಲಬಾರದು

ಹಳೇ ಹುಬ್ಬಳ್ಳಿಯಲ್ಲಿ ಬಣ್ಣದ ಮೀನು ಮಾರುವ ಬಿಲಾಲ ಒಳ್ಳೆಯ ವ್ಯಾಪಾರಿಯಲ್ಲ. ಇದನ್ನು ಅವನ ಎದುರಿಗೇ ಹೇಳಿದ್ದೇನೆ. ಗಿರಾಕಿಗಳು ಅವನ ಹತ್ತಿರ ಕೇಳುವುದು ಗೋಲ್ಡ್‌ಫಿಶ್. ಅವನಿಗೆ ಬೇಕಾದದ್ದು ಜೀವಂತ ಹವಳ. ಅಂಗಡಿಯ ನಟ್ಟನಡುವೆ ಉಪ್ಪುನೀರಿನ ಗಾಜಿನ ತೊಟ್ಟಿಯೊಂದು ಒಂದು ವರ್ಷದಿಂದ ಖಾಲಿ ನಿಂತಿತ್ತು. ನೀಲಿ ದೀಪ ಉರಿಯುತ್ತಿತ್ತು, ನೀರು ಸುತ್ತುತ್ತಿತ್ತು, ಒಳಗೆ ಯಾರೂ ಇರಲಿಲ್ಲ. “ಏನೋ ಬಿಲಾಲ, ಬರೇ ನೀರು ಸಾಕೀಯೇನು?” ಎಂದು ಓಣಿಯವರು ಕೇಳಿಕೊಂಡು ಹೋಗುತ್ತಿದ್ದರು.

ಪುಣೆಯಲ್ಲಿ ಒಬ್ಬರು ಸಮುದ್ರದಿಂದ ಕೀಳದೆ ತೊಟ್ಟಿಯಲ್ಲೇ ತುಂಡು ನೆಟ್ಟು ಹವಳ ಬೆಳೆಸುತ್ತಾರೆ. ಬಿಲಾಲ ಎರಡು ಸಲ ಅಲ್ಲಿಂದ ಕಾರಿನಲ್ಲಿ ತಂದಿದ್ದ. ಎರಡೂ ಸಲ ದಾರಿಯ ಚಳಿಗೆ ಸತ್ತವು. ನೀರು ಇಪ್ಪತ್ತೈದು ಡಿಗ್ರಿಯ ಆಸುಪಾಸಿನಲ್ಲಿರಬೇಕಂತೆ. “ಈ ಸಲಾನೂ ಸತ್ತರ ತೊಟ್ಟಿ ಕಿತ್ತು ಹಾಕತೇನ್ರಿ,” ಎಂದು ನನ್ನೆದುರಿಗೆ ಆಣೆ ಮಾಡಿ ಡಿಸೆಂಬರದಲ್ಲಿ ಮೂರನೇ ಸಲ ಹೊರಟ. ನಾನೂ ಹತ್ತಿಕಾಳಿನ ಮಾದರಿ ನೋಡಲು ಪುಣೆಗೆ ಹೋಗಿದ್ದರಿಂದ ಬರುವಾಗ ಅವನ ಕಾರು ಹತ್ತಿದೆ. ಹಿಂದಿನ ಸೀಟಿನಲ್ಲಿ ಅವನ ತಾಯಿಯ ಅಕ್ಕ ನೂರಜಹಾನ. ಕಿರಿಮಗಳ ಬಾಣಂತನ ಮುಗಿಸಿ ಊರಿಗೆ ಹೊರಟವರು. ಅವರ ಪಕ್ಕದಲ್ಲಿ ಥರ್ಮಾಕೋಲಿನ ಡಬ್ಬಿ, ಒಳಗೆ ನೀರಿನ ಚೀಲಗಳಲ್ಲಿ ಐದು ಹವಳ. ಡಬ್ಬಿಯಿಂದ ಒಂದು ವೈರು ಮುಂದಕ್ಕೆ ಬಂದು ಸ್ಟಿಯರಿಂಗಿನ ಬಳಿ ಡಿಗ್ರಿ ತೋರಿಸುತ್ತಿತ್ತು. ಬಿಲಾಲ ರಸ್ತೆಗಿಂತ ಹೆಚ್ಚು ಅದನ್ನೇ ನೋಡುತ್ತಿದ್ದ.

ನಸುಕಿನಿಂದಲೇ ಹೀಟರು ಹಚ್ಚಿದ್ದ. ಸಾತಾರಕ್ಕೆ ನಾನು ಸ್ವೆಟರು ತೆಗೆದೆ. ಕರಾಡಕ್ಕೆ ಅಂಗಿಯ ಗುಂಡಿ ಬಿಚ್ಚಿದೆ.

“ಖಿಡಕಿ ಒಂದೀಟು ಇಳಸೋ, ಕುದ್ದು ಹೋದೆ,” ಎಂದರು ನೂರಜಹಾನ.

“ಆಗಂಗಿಲ್ಲ ಖಾಲಾ. ಅವಕ್ಕ ಥಂಡಿ ಹತ್ತತೈತಿ.”

“ನಲವತ್ತು ವರ್ಷ ಆತು, ನನ್ನ ಉಂಗುರದಾಗಿನ ಹವಳ ಒಮ್ಮೀನೂ ಸೀನಿಲ್ಲ.”

“ಅದು ಸತ್ತಿದ್ದು. ಇವು ಜೀವಂತ ಅದಾವ.”

“ನಾನೂ ಜೀವಂತ ಅದೇನಿ. ನನ್ನ ಕಡೀನೂ ನೋಡು.”

ಬಿಲಾಲ ನೋಡಲಿಲ್ಲ. ಮೀಟರು ಇಪ್ಪತ್ತೈದು ತೋರಿಸುತ್ತಿತ್ತು. ಎಲ್ಲಿಯೂ ನಿಲ್ಲದೆ ಹುಬ್ಬಳ್ಳಿ ಮುಟ್ಟುವುದು ಅವನ ಲೆಕ್ಕ. ಆದರೆ ದಾರಿಯಲ್ಲಿ ಸಂಕೇಶ್ವರವಿತ್ತು, ಸಂಕೇಶ್ವರದಲ್ಲಿ ನೂರಜಹಾನರ ಹಿರಿಮಗಳು, ಬಿಲಾಲ ಆಪಾ ಎನ್ನುವ ಅಕ್ಕ ಯಾಸ್ಮಿನ ಇದ್ದಳು. ಮಗಳ ಮನೆಯ ಮುಂದಿನಿಂದ ತಾಯಿಯನ್ನು ಕೂರಿಸಿಕೊಂಡು ಹಾಗೇ ಹಾದುಹೋದರೆ ಮುಂದೆ ಯಾವ ಮದುವೆಯಲ್ಲೂ ಬಿಲಾಲನಿಗೆ ಮರ್ಯಾದೆ ಇರುವುದಿಲ್ಲ.

“ಹತ್ತು ಮಿನಿಟು, ಬರೇ ಚಾ,” ಎಂದು ಕಾರು ತಿರುಗಿಸಿದ.

ಯಾಸ್ಮಿನ ಚಹಾದ ಮಾತೇ ಎತ್ತಲಿಲ್ಲ. ತಾಯಿ ಪುಣೆಯಿಂದಲೇ ಫೋನು ಮಾಡಿ ತಿಳಿಸಿದ್ದರಿಂದ ಬಿರ್ಯಾನಿಗೆ ಆಗಲೇ ದಮ್ ಕಟ್ಟಿದ್ದಳು. “ಸಾವಕಾರ್ರ, ನಿಮಗ ಬ್ಯಾರೇ ಪಾತ್ರ್ಯಾಗ ಉಪ್ಪಿಟ್ಟು ಮಾಡೇನ್ರಿ,” ಎಂದು ನನ್ನನ್ನೂ ಕಟ್ಟಿಹಾಕಿದಳು. ಬಿಲಾಲ ಡಬ್ಬಿಯನ್ನು ಮೀಟರಿನ ಸಮೇತ ಒಳಗೆ ತಂದು ದಿವಾನ ಮಂಚದ ಮೇಲಿಟ್ಟ.

“ಆಪಾ, ಇದಕ್ಕ ಮಾತ್ರ ಥಂಡಿ ತಗಲಬಾರದು. ನನ್ನ ಜೀವ ಅದರಾಗೈತಿ.”

“ನೀ ಚಿಂತಿ ಬಿಡು,” ಎಂದಳು ಯಾಸ್ಮಿನ.

ಅವಳ ಗಂಡ ಫರಾಜ ಹೊಸದಾಗಿ ಮಾಳಿಗೆ ಕಟ್ಟಿಸಿದ್ದ. ಅದನ್ನು ನೋಡದೆ ಊಟಕ್ಕೆ ಕೂಡುವುದು ನಮ್ಮ ಕಡೆ ಎಲ್ಲಿಯೂ ನಡೆಯದು. ಫರಾಜ ಒಂದೊಂದೇ ನಳ ತಿರುಗಿಸಿ ನೀರು ತೋರಿಸಿದ, ಟೈಲ್ಸನ್ನು ಬೆರಳಿನಿಂದ ಬಡಿದು ಸಪ್ಪಳ ಕೇಳಿಸಿದ. ಮುಕ್ಕಾಲು ತಾಸಿನ ಮೇಲೆ ಇಳಿದು ಬಂದಾಗ ದಿವಾನ ಖಾಲಿಯಿತ್ತು.

“ಆಪಾ, ಡಬ್ಬಿ?”

ಯಾಸ್ಮಿನ ಸಂಭ್ರಮದಿಂದ ಬಚ್ಚಲಿಗೆ ಕರೆದೊಯ್ದಳು. ತಾಯಿಯ ಸ್ನಾನಕ್ಕೆಂದು ಹಂಡೆಯ ಕೆಳಗೆ ಬೆಂಕಿ ಧಗಧಗ ಉರಿಯುತ್ತಿತ್ತು. ಡಬ್ಬಿಯನ್ನು ಒಲೆಗೆ ತಾಗಿಸಿ ಇಟ್ಟಿದ್ದಳು. ಕಾವು ಒಳಗೆ ಹೋಗಲೆಂದು ಮುಚ್ಚಳವನ್ನೂ ತೆಗೆದಿದ್ದಳು.

“ನಮ್ಮ ಮನ್ಯಾಗ ಇದಕ್ಕಿಂತ ಬೆಚ್ಚನ್ನ ಜಾಗಾ ಇಲ್ಲ. ನನ್ನ ಕೂಸುಗೋಳನ್ನೂ ಇಲ್ಲೇ ಕಾಸೇನಿ.”

ಮೀಟರು ಮೂವತ್ತಾರು ತೋರಿಸುತ್ತಿತ್ತು. ಬಿಲಾಲ ಬಗ್ಗಿ ಡಬ್ಬಿಯನ್ನು ಒಲೆಯಿಂದ ಈಚೆಗೆಳೆದ.

“ಬೆಚ್ಚಗ ಅದಾವಿಲ್ಲೋ?”

“ಅದಾವ, ಆಪಾ,” ಎಂದ. ಡಬ್ಬಿ ಎತ್ತಿಕೊಂಡ.

ಊಟ ಗಡಿಬಿಡಿಯಲ್ಲಿ ಮುಗಿಸಿದ. ಕಾರಿನಲ್ಲಿ ಕೂತ ಕೂಡಲೇ ನಾಲ್ಕೂ ಕಿಟಕಿ ಇಳಿಸಿದ.

“ಈಗ ಅವಕ್ಕ ಥಂಡಿ ಹತ್ತಂಗಿಲ್ಲೇನು?” ಎಂದರು ನೂರಜಹಾನ, ಸೆರಗು ಹಿಡಿದುಕೊಳ್ಳುತ್ತ.

ಅವರು ನಿದ್ದೆ ಹೋದ ಮೇಲೆ ನಾನೇ ಕೆಣಕಿದೆ. “ಯಾಸ್ಮಿನಗ ಒಂದು ಮಾತು ಅನಬೇಕಿತ್ತು.”

“ಏನಂತ ಅನ್ಲಿರಿ? ಥಂಡಿ ಆಗಬಾರದು ಅಂದೆ. ಬಿಸಿ ಆಗಬಾರದು ಅಂತ ನಾ ಎಲ್ಲಿ ಅಂದಿದ್ದೆ?” ಎಂದು ಸ್ಟಿಯರಿಂಗನ್ನು ಗುದ್ದಿದ.

ನಾಲ್ಕು ಹವಳ ಮೂರು ದಿನಗಳಲ್ಲಿ ಬೆಳ್ಳಗಾಗಿ ಮೊಸರಿನಂತೆ ಕದಡಿಹೋದವು. ಐದನೆಯದು, ಹೆಬ್ಬೆರಳಿನ ಗಾತ್ರದ ಹಸಿರು ತುಂಡು, ನಾಲ್ಕನೇ ದಿನ ತುಸು ಬಾಯಿ ತೆರೆಯಿತು. ಅದೂ ಸತ್ತಿದ್ದರೆ ಪೀಡೆ ಕಳೆಯುತ್ತಿತ್ತು. ಈಗ ಅದೊಂದರ ಸಲುವಾಗಿ ಇಡೀ ತೊಟ್ಟಿ ನಡೆಸಬೇಕು. ಕಿತ್ತು ಹಾಕುವಂತಿಲ್ಲ, ಮಾರುವಂತಿಲ್ಲ.

ನಾನು ಅಂಗಡಿಯಲ್ಲಿದ್ದಾಗಲೇ ಯಾಸ್ಮಿನಳ ಫೋನು ಬಂತು. ಅವಳ ದನಿ ನನಗೂ ಕೇಳುವಷ್ಟು ಜೋರು.

“ಹೆಂಗದಾವೋ ಅವು?”

“ಛಲೋ ಅದಾವ, ಆಪಾ.”

“ನಾ ಕಾಸಿದ್ದಕ್ಕ ಉಳದಾವ ನೋಡು! ಮುಂದಿನ ಸಲ ನೀ ಬರೂದ್ರಾಗ ಒಲಿ ಹಚ್ಚಿಟ್ಟಿರತೇನಿ.”

ಬಿಲಾಲ ಫೋನು ಕೆಳಗಿಟ್ಟು ನನ್ನ ಕಡೆ ತಿರುಗಿದ.

“ಸಾವಕಾರ್ರ, ಸಂಕೇಶ್ವರ ಬಿಟ್ಟು ಪುಣೆಕ ಬ್ಯಾರೇ ದಾರಿ ಐತೇನ್ರಿ?”

“ಐತಲ್ಲ. ಸೊಲ್ಲಾಪುರ, ವಿಜಯಪುರ ಮ್ಯಾಲೆ ಬರಬೇಕು. ಖರೇ, ವಿಜಯಪುರದಾಗ ನಿಮ್ಮ ಮಾಮಾ ಅದಾರಲ್ಲ?”

“ಇಬ್ಬರು ಅದಾರ್ರಿ,” ಎಂದ ಬಿಲಾಲ.